ಶಾಲೆಗೆ ಹೆಸರಾದ ಪುಟ್ಟಗೌರಮ್ಮ

“ಪುಟ್ಟಗೌರಮ್ಮ ಅಂದ್ರೆ ನಾನೇ ಮೇಡಂ,” ಎಂದರು ಸ್ಟಾಫ್ ರೂಮಿಗೆ ಬಂದ ಅರವತ್ತರ ಹೆಂಗಸು. ಅಂಜನಾಪುರದ ಪುಟ್ಟಗೌರಮ್ಮ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನಾನು, ಆ ಹೆಸರಿನವರು ಎಂದೋ ತೀರಿಹೋಗಿದ್ದಾರೆಂದೇ ತಿಳಿದಿದ್ದೆ.

ಹತ್ತಿರದಲ್ಲೆಲ್ಲೂ ಹೈಸ್ಕೂಲ್ ಇಲ್ಲವೆಂದು ಅವರ ಅಪ್ಪ ಏಳನೇ ತರಗತಿಗೇ ಓದು ಬಿಡಿಸಿದ್ದರು. ಮಗಳ ಮದುವೆಯಾದ ಮೇಲೂ ಆ ಕೊರಗು ಹೋಗದೆ, ಶಾಲೆಗೆಂದು ಹೊಲ ಬಿಟ್ಟುಕೊಟ್ಟು ಅವಳ ಹೆಸರನ್ನೇ ಇಡಿಸಿದ್ದರಂತೆ.

“ಸ್ಕೂಲಿಗೆ ನನ್ನ ಹೆಸರು, ನಾನೇ ಎಸ್ಸೆಸ್ಸೆಲ್ಸಿ ಮಾಡಿಲ್ಲ. ಈಗ ಪರೀಕ್ಷೆ ಕಟ್ತೀನಿ. ಹೇಳ್ಕೊಡ್ತೀರಾ?”

“ನಾಳೆಯಿಂದಲೇ ಬನ್ನಿ ಅಮ್ಮ,” ಎಂದೆ.

ದಿನಾ ಸಂಜೆ ಬಂದು ಕಲಿತರು. ಗಣಿತ ಒಮ್ಮೆ ಕೈಕೊಟ್ಟರೂ ಬಿಡದೆ ಮತ್ತೆ ಬರೆದು ಪಾಸಾದರು.

ಈಗ ಯಾರಾದರೂ ಮಗಳ ಓದು ಬಿಡಿಸುತ್ತೇವೆಂದು ಬಂದರೆ ನಾನು ವಾದಿಸುವುದಿಲ್ಲ. ಅವರನ್ನು ನೇರವಾಗಿ ಪುಟ್ಟಗೌರಮ್ಮನವರ ಮನೆಗೆ ಕರೆದೊಯ್ಯುತ್ತೇನೆ.