ಹನ್ನೊಂದು ಗಂಟೆಯ ಹೆಂಗಸರ ಕ್ಲಾಸು

ಬೆಳಿಗ್ಗೆ ಮಗಳು ಇಲ್ಲಿ ತಿರುವನಂತಪುರದ ಚಾಲೈ ಪೇಟೆಯಿಂದ ಅಲಸಂಡೆ ತಂದು ನನ್ನ ಮುಂದೆ ಸುರಿದಳು. ಎಳೆಯದು, ಮುರಿದರೆ ಹಸಿ ವಾಸನೆ. ಬೇರೆಯವರಿಗೆ ಈ ವಾಸನೆಗೆ ತಾಯಿಯ ನೆನಪಾದೀತು. ನನಗೆ ಬರುವುದು ಕೊಚ್ಚಿಯ ಕಲೂರಿನಲ್ಲಿದ್ದ ಒಂದು ಕ್ರೈಸ್ತ ವಿದ್ಯಾರ್ಥಿ ಸಂಘದ ಮನೆಯ ನೆನಪು. ಇಪ್ಪತ್ತು ವರ್ಷದ ಹಿಂದೆ ನಾನಲ್ಲಿ ಅಡಿಗೆಯವಳು. ಕಾಸರಗೋಡಿನ ಹಿಂದೂ ಹೆಂಗಸಿಗೂ ಆ ಸಂಘಕ್ಕೂ ಎಂತ ಸಂಬಂಧ ಅಂತೀರಾ? ಅವರಿಗೆ ಅಡಿಗೆಯವಳು ಬೇಕಿತ್ತು, ನನಗೆ ಕೆಲಸ ಬೇಕಿತ್ತು.

ವರ್ಷಕ್ಕೊಮ್ಮೆ ಅಲ್ಲಿ ಮೂರು ದಿನದ ಶಿಬಿರ. ಹಾಡು, ಪ್ರಾರ್ಥನೆ, ಚರ್ಚೆ, ಮತ್ತೆ ಹಾಡು. ಹುಡುಗರು ಬೆಂಚು ಹೊರಬೇಕು, ಹುಡುಗಿಯರು ಹನ್ನೊಂದಕ್ಕೆ ಬಂದು ನನ್ನ ಜೊತೆ ತರಕಾರಿ ಹೆಚ್ಚಬೇಕು. ಕೆಲಸದ ಪಟ್ಟಿ ಗೋಡೆಯ ಮೇಲೆ ಇರುತ್ತಿತ್ತು. ನನಗೆ ಮಲಯಾಳ ಮಾತು ತಿಳಿಯುತ್ತದೆ, ಓದಲು ಬಾರದು. ಆದರೂ ಪ್ರತಿ ವರ್ಷ ಹಳೆಯದನ್ನೇ ನೋಡಿ ಬರೆಯುತ್ತಾರೆ ಎಂದು ಗೊತ್ತಿತ್ತು.

ಅಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವಳು ಒಬ್ಬಳೇ, ಮಂಜೇಶ್ವರದಿಂದ ಕಾಲೇಜಿಗೆ ಬಂದಿದ್ದ ಗ್ರೇಸಿ. ಸಂಘದಲ್ಲಿ ಅರ್ಧ ಹುಡುಗಿಯರು, ಕಮಿಟಿಯಲ್ಲಿ ಒಬ್ಬಳೂ ಇಲ್ಲ ಎಂದು ಎರಡು ವರ್ಷ ಜಗಳವಾಡಿ, ಹೆಂಗಸರಿಗೆ ನಾಯಕತ್ವ ಕಲಿಸುವ ಒಂದು ಕ್ಲಾಸು ಇಡಿಸಿದಳು. ಹುಡುಗಿಯರು ಬಾರದಿದ್ದರೆ ಮುಂದಿನ ವರ್ಷ ಅದು ಇಲ್ಲ ಎಂದು ಕಾರ್ಯದರ್ಶಿ ಜಾರ್ಜ್ ಷರತ್ತು ಹಾಕಿದ. ತಿರುವನಂತಪುರದಿಂದ ಒಬ್ಬ ಟೀಚರು ರೈಲು ಹತ್ತಿ ಬಂದರು. ನಾಯಕತ್ವ ಎಂದರೆ ಕಲಿಸಲಿಕ್ಕೆ ಆಗುವ ಸಂಗತಿಯಾ, ಸಾರಿಗೆ ಹದ ನೋಡಿ ಉಪ್ಪು ಹಾಕುವುದನ್ನು ಕಲಿಸಿದ ಹಾಗೆ? ನನಗೆ ತಿಳಿಯುವ ಆಸೆ.

ಹನ್ನೊಂದಕ್ಕೆ ಕ್ಲಾಸು. ಹನ್ನೊಂದಕ್ಕೆ ಹುಡುಗಿಯರೆಲ್ಲ ಬಂದು ನನ್ನ ಸುತ್ತ ಚೂರಿ ಹಿಡಿದು ಕೂತರು. ಗ್ರೇಸಿಯೂ.

“ಎಂತ ಕಲಿಸ್ತಾರೆ ಅಲ್ಲಿ?” ಎಂದು ಕೇಳಿದೆ.

“ನಂಗೆಂತ ಗೊತ್ತು ಅಕ್ಕ? ನಾನಿಲ್ಲಿ ಅಲಸಂಡೆ ಮುರೀತಾ...” ಎಂದವಳ ಕೈ ಅಲ್ಲೇ ನಿಂತಿತು. ಕ್ಲಾಸಿನ ಪಟ್ಟಿ, ಕೆಲಸದ ಪಟ್ಟಿ, ಎರಡನ್ನೂ ಬರೆದವಳು ಅವಳೇ.

ನಾನು ಹೋಗಿ ಕ್ಲಾಸು ನಡೆಯುತ್ತಿದ್ದ ಹಾಲಿನ ಬಾಗಿಲಲ್ಲಿ ಇಣುಕಿದೆ. ಟೀಚರು ಹೆಂಗಸರ ಬಗ್ಗೆ ಹೇಳುತ್ತಿದ್ದರು. ಮುಂದೆ ಕೂತು ಬರೆದುಕೊಳ್ಳುತ್ತಿದ್ದವರು ಪೂರಾ ಗಂಡುಹುಡುಗರು. ಬಂದು ಹೇಳಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಗ್ರೇಸಿ ನಗಲಿಲ್ಲ.

“ಟೀಚರನ್ನೇ ಇಲ್ಲಿಗೆ ಕರೀತೇನೆ. ಹೆಚ್ಚುತ್ತಾ ಕೇಳುದು. ಊಟ ತಡ ಆದ್ರೆ ಜಾರ್ಜಿಗೆ ಅದೊಂದು ನೆಪ ಸಿಗ್ತದೆ.”

“ಕರಿ, ಕರಿ. ಬರುವ ವರ್ಷದಿಂದ ನಿಮ್ಮ ಕ್ಲಾಸು ಇಲ್ಲಿಯೇ, ಹೊಗೆಯಲ್ಲಿ,” ಎಂದೆ ನಾನು.

“ಮತ್ತೆಂತ ಮಾಡುದು ಹೇಳಿ!”

“ಚೂರಿ ಇಲ್ಲಿ ಕೊಡು. ಊಟದ ತಲೆನೋವು ನಂದು. ಏಳಿ ಎಲ್ಲ, ಮಾರಾಯ್ತಿಯರೇ.”

ಅವಳು ಕೈ ತೊಳೆದುಕೊಂಡು ಹೋದಳು, ಉಳಿದವರು ಹಿಂದೆ. ಹಾಲಿನಲ್ಲಿ ಅವಳು ಮಲಯಾಳದಲ್ಲಿ ಹೇಳಿದ್ದು ನನಗೆ ಗೋಡೆಯಾಚೆ ಕೇಳಿತು: “ಪಟ್ಟಿ ಬರೆದದ್ದು ನಾನು, ತಪ್ಪು ನನ್ನದು. ಈಗ ತಿದ್ದುತ್ತಿದ್ದೇನೆ. ಹುಡುಗರು ಅಡಿಗೆಮನೆಗೆ ಹೋಗಿ.”

ಮುಖ ಊದಿಸಿಕೊಂಡ ಜಾರ್ಜಿನ ಹಿಂದೆ ಹುಡುಗರು ಬಂದರು. ಒಬ್ಬ ಬೆರಳುದ್ದಕ್ಕೆ ಮುರಿದ, ಇನ್ನೊಬ್ಬ ಕಾಳನ್ನೂ ನಾರಿನ ಜೊತೆ ಎಸೆದ.

“ನೀನು ಇದನ್ನು ತಿಂದೇ ಇಲ್ಲವಾ?” ಎಂದು ಗದರಿದೆ.

“ತಿಂದಿದ್ದೇನೆ ಚೇಚಿ. ಇಷ್ಟು ಹತ್ತಿರದಿಂದ ನೋಡಿಲ್ಲ.”

ಊಟಕ್ಕೆ ಎರಡೂವರೆಯಾಯಿತು. ಕೊನೆಯ ಸಭೆಯಲ್ಲಿ ಜಾರ್ಜ್ ಅದನ್ನು ಎತ್ತಿಯೇ ಎತ್ತಿದ. ಆದರೆ ಷರತ್ತು ಅವನದೇ, ಹುಡುಗಿಯರು ಒಬ್ಬಳೂ ಬಿಡದೆ ಕೂತಿದ್ದರು. ಕ್ಲಾಸು ಉಳಿಯಿತು. ಗ್ರೇಸಿ ಕಮಿಟಿಗೆ ನಿಂತಳು, ಆ ವರ್ಷ ಸೋತಳು, ಮರು ವರ್ಷ ಗೆದ್ದಳು.

ಅಲ್ಲಿ ಕಲಿಸಿದ್ದು ಎಂತ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲರನ್ನೂ ಎಬ್ಬಿಸಿ ಕಳಿಸಿದ ನಾನು ಮಾತ್ರ ಒಲೆಯ ಮುಂದೆಯೇ ಉಳಿದೆ. ಯಾರೂ ಕರೆಯಲಿಲ್ಲ ಎಂದು ದೂರುವುದಿಲ್ಲ. ನನಗೇ ಹೊಳೆಯಲಿಲ್ಲ. ಹೊಳೆದದ್ದು ಈಗ, ಇದನ್ನು ಬರೆಯುವಾಗ.

ಇವತ್ತು ನಾಲ್ಕು ಗಂಟೆಗೆ ಮಗಳ ಕ್ವಾರ್ಟರ್ಸಿನಲ್ಲಿ ಹೆಂಗಸರ ಸಭೆ. ಪ್ರತಿ ಸಲ ಅವರಿಗೆ ಚಹಾ ಮಾಡುವವಳು ನಾನು. ಈ ಸಲ ಅಳಿಯನಿಗೆ ಹೇಳಿದ್ದೇನೆ. ಚಹಾಪುಡಿ ಎಲ್ಲಿದೆ ಎಂದು ಕೇಳಿದರು. ಹುಡುಕಿ ಎಂದೆ. ಅಷ್ಟು ಹೊತ್ತು ಕೂತು ಆ ಹೆಂಗಸರು ಎಂತ ಮಾತಾಡುತ್ತಾರೆ, ನೋಡಬೇಕು.