ಕರೆವ್ವನ ಜ್ವರ, ಮಗಳ ಓದು

ಪುಷ್ಪಲತಾ ಬೀದರಿನಲ್ಲಿ ಪಶುವೈದ್ಯಕೀಯ ಪದವಿ ಮುಗಿಸಿ ತನ್ನೂರು ಕರ್ಜಗಿಗೆ ಬಂದದ್ದು ೨೦೦೫ರಲ್ಲಿ. ಸ್ನಾತಕೋತ್ತರ ಪದವಿ ಎಂ.ವಿ.ಎಸ್ಸಿ.ಗೆ ಯಾವ ವಿಷಯ ಎಂದು ಮುಂದಿನ ಸೋಮವಾರ ಬೀದರಿಗೇ ಹೋಗಿ ಹೇಳಬೇಕಿತ್ತು. ಒಳ್ಳೆಯ ಅಂಕ ಬಂದಿದ್ದವು, ಶಸ್ತ್ರಚಿಕಿತ್ಸೆ ಸಿಗುವಂತಿತ್ತು. ಮನಸ್ಸು ಮಾತ್ರ ಸಾರ್ವಜನಿಕ ಆರೋಗ್ಯದ ಕಡೆ ಎಳೆಯುತ್ತಿತ್ತು: ದನಕರುಗಳಿಂದ ಮನುಷ್ಯರಿಗೆ ದಾಟುವ ರೋಗಗಳ ಓದು.

"ದನಾ ನೋಡೋ ಡಾಕ್ಟರಿಗೆ ಮಂದಿ ಜ್ವರದ ಉಸಾಬರಿ ಯಾಕವಾ?" ಅಂದರು ಅಪ್ಪ ಸಿದ್ದಲಿಂಗಪ್ಪ. "ಇದನ್ನ ಓದಿ ಎಲ್ಲಿ ಕುಂದರ್ತಿ?"

ಅವಳಿಗೂ ಅದೇ ಅಳುಕು. ಅದೇ ವಿಷಯ ಓದಿದ ಹಿರಿಯ ವಿದ್ಯಾರ್ಥಿಯೊಬ್ಬ ಕೆಲಸ ಸಿಗದೆ ಔಷಧ ಮಾರುತ್ತ ಬ್ಯಾಡಗಿ, ರಾಣೆಬೆನ್ನೂರು ಅಲೆಯುತ್ತಿದ್ದ.

ಸಾಲದ್ದಕ್ಕೆ ಅವ್ವ ಕರೆವ್ವನ ಜ್ವರ. ಸಂಜೆಗೆ ಏರುವುದು, ಬೆವರಿ ಇಳಿಯುವುದು, ಸೊಂಟ ಹಿಡಿಯುವುದು. ಟೈಫಾಯ್ಡ್ ಎಂದು ಊರಿನ ಡಾಕ್ಟರು ಕೊಟ್ಟ ಗುಳಿಗೆ ನಾಟಿರಲಿಲ್ಲ.

ಮಾತಾಡಿಸಲು ಬಂದ ನೆರೆಮನೆಯ ಬಿಬಿಜಾನ್ ಅಂದಳು, "ಎಮ್ಮಿ ಕಂದು ಹಾಕಿದಾಗಿಂದ ಹಿಂಗ ಆಗ್ಯಾಳ ನೋಡವಾ. ಬರೇ ಕೈಲೇ ಎಲ್ಲಾ ತಗದ್ಲು."

ಪುಷ್ಪಲತಾಳಿಗೆ ತಟ್ಟನೆ ಹೊಳೆಯಿತು. ಬ್ರುಸೆಲ್ಲೋಸಿಸ್! ದನ ಕಂದು ಹಾಕಿದಾಗ, ಅಂದರೆ ಗರ್ಭಪಾತವಾದಾಗ, ಬರಿಗೈಲಿ ಮುಟ್ಟಿದವರಿಗೆ ಹತ್ತುವ ರೋಗ. ಪರೀಕ್ಷೆಯಲ್ಲಿ ಬರೆದು ಬಂದದ್ದು ಮನೆಯ ಹಾಸಿಗೆಯಲ್ಲೇ ಮಲಗಿದೆಯೇ? ಮರುದಿನವೇ ಅವ್ವನನ್ನು ಹುಬ್ಬಳ್ಳಿಗೆ ಕರೆದೊಯ್ದು ರಕ್ತ ಕೊಡಿಸಿದಳು. ಹಸಿ ಹಾಲಿನಿಂದಲೂ ಅದು ಹತ್ತುತ್ತದೆ.

"ಅಪ್ಪಾ, ಹಾಲು ಕಾಸೇ ಕುಡದೀರಿ ಹೌದಿಲ್ಲೋ?" ಎಂದು ಮತ್ತೆ ಮತ್ತೆ ಕೇಳಿದಳು.

"ಎಷ್ಟ ಸಲ ಹೇಳಲಿ?" ಎಂದು ಸಿದ್ದಲಿಂಗಪ್ಪ ರೇಗಿದರು. ಅವರಿಗೂ ಹೆದರಿಕೆ ಹತ್ತಿತ್ತು.

ಶನಿವಾರ ಹುಬ್ಬಳ್ಳಿಯಿಂದ ಫೋನು ಬಂತು. ಅದೇ ರೋಗ. ಬಿಡದೆ ಔಷಧ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂದರು ಡಾಕ್ಟರು.

ಸೋಮವಾರ ಬೀದರಿನಲ್ಲಿ ಹೆಸರು ಕೂಗಿದಾಗ ಪುಷ್ಪಲತಾ ಎದ್ದು ನಿಂತಳು. ಜೊತೆಗೆ ಬಂದಿದ್ದ ಅಪ್ಪನ ಕಡೆ ನೋಡಿದಳು. "ನನಗೇನೂ ತಿಳಿವಲ್ದು. ನಿಮ್ಮವ್ವನ ರೋಗ ಗುರ್ತು ಹಿಡದಾಕಿ ನೀನ. ನೀನ ಹೇಳು" ಅಂದರು.

"ಸಾರ್ವಜನಿಕ ಆರೋಗ್ಯ" ಅಂದಳು.

ಅಳುಕು ಅಲ್ಲಿಗೆ ಮುಗಿಯಲಿಲ್ಲ. ಓದು ಮುಗಿಸಿ ಬಂದಳು, ವರ್ಷ ಕಳೆದರೂ ಕೆಲಸವಿಲ್ಲ. ಕಡೆಗೆ ಕುಪ್ಪೇಲೂರಿನ ಕಡೆ ಪಶುವೈದ್ಯೆಯಾಗಿ ನೇಮಕವಾಯಿತು. ಕುರಿಹಟ್ಟಿಗಳಿಗೆ ಹೋದಾಗ ಮೊದಲು ಕುರಿಯನ್ನಲ್ಲ, ಕುರಿ ಕಾಯುವವರನ್ನು ಮಾತಾಡಿಸುವಳು: "ನಿಮಗ ಜ್ವರಗಿರ ಬರಾಕತ್ತೈತೇನ್ರಿ?" ಕೆಲವರು ನಕ್ಕರು. ಒಬ್ಬ ಮೈಲಾರೆಪ್ಪ ಮಾತ್ರ ಬುಟ್ಟಿ ಕೆಳಗಿಟ್ಟು, "ಹೌದ್ರಿ ಡಾಕ್ಟರ್ ಬಾಯಾರ, ನನ್ನ ಹೇಣ್ತಿಗಿ" ಅಂದ.