ಸೊಪ್ಪಿನ ಕೋಣೆಯ ಆಮೆಗಳು

ಕಳೆದ ಸೋಮವಾರ ಚಿಕ್ಕಬಳ್ಳಾಪುರದ ಪಶುವೈದ್ಯರೊಬ್ಬರ ಮುಂದೆ ನಮ್ಮ ಭಾವ ಟವೆಲ್ ಬಿಚ್ಚಿದರು. ಒಳಗೆ ಆಮೆ. ಡಾಕ್ಟರು ಮುಟ್ಟಿ ನೋಡಿ, "ತುಂಬಾ ಲೇಟಾಯ್ತು ಸಾರ್" ಅಂದರು. ಆಮೆ ಸತ್ತುಹೋಗಿತ್ತು.

ಬೆಂಗಳೂರಿನ ಗೆಳೆಯರೊಬ್ಬರು ಮನೆ ಬದಲಿಸುವಾಗ ಭಾವನಿಗೆ ಕೊಟ್ಟ ಜೋಡಿಯಲ್ಲಿ ಒಂದು ಅದು. ವಿದೇಶಿ ತಳಿ, ಪೇಪರ್ಸ್ ಸಮೇತ. (ನಮ್ಮ ಹೊಲದಲ್ಲಿ ಸಿಗುವ ನಕ್ಷತ್ರ ಆಮೆಯನ್ನು ಸಾಕಿದರೆ ಕೇಸಾಗುತ್ತದೆ, ನೆನಪಿರಲಿ.) "ನೀರಲ್ಲಿ ಬಿಡಬೇಡಿ, ಸೊಪ್ಪು ತಿನ್ನುತ್ತವೆ" ಎಂದಿದ್ದರಂತೆ. ಅಷ್ಟೇ ಸಾಕಾಯಿತು. ಭಾವ ಜಂಗಮಕೋಟೆಯಲ್ಲಿ ರೇಷ್ಮೆ ಹುಳು ಸಾಕಿಯೇ ತಲೆ ನರೆಸಿಕೊಂಡವರು. ಸೊಪ್ಪು ತಿನ್ನುವ ಜೀವಕ್ಕೆ ಎಂಥ ಮನೆ ಬೇಕೆಂದು ಅವರಿಗೆ ಯಾರು ಹೇಳಿಕೊಡಬೇಕು?

ಹುಳುಮನೆಯ ಪಕ್ಕದಲ್ಲಿ ಸೊಪ್ಪು ಇಡುವ ಕೋಣೆಯನ್ನೇ ಖಾಲಿ ಮಾಡಿಸಿದರು. ಕಿಟಕಿಗೆ ಒದ್ದೆ ಗೋಣಿ. ಬಿಸಿಲು ಸುಳಿಯದ ತಂಪು. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು. ನಾನೂ ಹೋಗಿ, "ಏಸಿ ರೂಮೇ ಆಯ್ತಲ್ಲ ಭಾವ!" ಎಂದು ಹೊಗಳಿ, ಫೋಟೋ ತೆಗೆದುಕೊಂಡು ಬಂದೆ.

ತಿಂಗಳು ತುಂಬುವಷ್ಟರಲ್ಲಿ ಒಂದು ಆಮೆ ಸೊಪ್ಪು ಮುಟ್ಟದೆ ಮುದುಡಿ ಕೂತಿತು.

"ಡಾಕ್ಟ್ರಿಗೆ ತೋರ್ಸಣ ಕಣ್ರೀ" ಎಂದಳು ಅಕ್ಕ.

"ಏಮೀ ಕಾದು, ಏನೂ ಆಗಲ್ಲ, ಸುಮ್ನಿರೇ. ಹುಳ ಪೊರೆ ಬಿಡೋವಾಗ ಮೇವು ಬಿಟ್ಟು ಹಿಂಗೇ ಇರಲ್ವಾ? ಮುಟ್ಬೇಡ. ತಾನೇ ಏಳ್ತದೆ."

ಪೊರೆ ಬಿಡುವ ಹುಳುವನ್ನು ಕದಲಿಸಬಾರದು, ಅದು ಹುಳುಮನೆಯ ಶಿಸ್ತು. ಯಾರೂ ಮುಟ್ಟಲಿಲ್ಲ. ಆಮೆ ಏಳಲೂ ಇಲ್ಲ. ಕೊನೆಗೆ ಭಾವನೇ ಅದನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಡಾಕ್ಟರ ಬಳಿ ಓಡಿದರು.

"ತೇವ, ತಂಪು ಇದಕ್ಕೆ ಆಗಲ್ಲ ಸಾರ್" ಎಂದರು ಡಾಕ್ಟರು. "ಮನೆಯೊಳಗೆ ಇಟ್ರೂ ಒಣ ಜಾಗ ಇರ್ಬೇಕು, ಶಾಖಕ್ಕೆ ಲೈಟ್ ಹಾಕ್ಬೇಕು, ದಿನಾ ಬಿಸಿಲು ಕಾಣಿಸ್ಬೇಕು. ಹೊರಗೆ ಹೋಗೋಕೆ ಅದು ನೋಡ್ತಿರ್ಲಿಲ್ವಾ?"

ಭಾವ ಟವೆಲ್ ಮಡಿಸುತ್ತಾ ಕೂತರು. ಆಮೇಲೆ ಮೆಲ್ಲಗೆ ಅಂದರು: "ದಿನಾ ಬೆಳಗ್ಗೆ ಬಾಗ್ಲು ಕೆರೀತಿತ್ತು ಸಾರ್. ಓಡಿಹೋಗ್ಬಿಡ್ತದೆ ಅಂತ ಇಟ್ಗೆ ಅಡ್ಡ ಇಟ್ಟೆ."

ಉಳಿದ ಆಮೆ ಈಗ ಅಂಗಳದ ಬಿಸಿಲಿನಲ್ಲಿದೆ. ಭಾವ ಪಕ್ಕದಲ್ಲೇ ಕೂತಿರುತ್ತಾರೆ, ಊಟಕ್ಕೆ ಕರೆದರೂ ಏಳುವುದಿಲ್ಲ. "ನೀವೇನು ಕಡಿಮೆ ಮಾಡಿದ್ರಿ?" ಎಂದು ಅಕ್ಕ ಸಮಾಧಾನ ಹೇಳಿದರೆ ಸಿಡುಕುತ್ತಾರೆ. ಅವರ ಮುಖ ನೋಡಲು ನನಗೂ ಸಂಕಟ.

ಮನುಷ್ಯರ ವಿಷಯದಲ್ಲಿ ನಾವೇನು ಜಾಣರೇ? ಮಕ್ಕಳಿಗೆ, ಸೊಸೆಯಂದಿರಿಗೆ, ಹಿರಿಯರಿಗೆ ನಮಗೆ ಗೊತ್ತಿರುವ ಸುಖವನ್ನೇ ಬಡಿಸುತ್ತೇವೆ. ಅವರು ಬೇಡವೆಂದರೆ ಬೇಜಾರು ಬೇರೆ ಮಾಡಿಕೊಳ್ಳುತ್ತೇವೆ.

ಒಳಗಿನಿಂದ ಬಾಗಿಲು ಕೆರೆಯುವ ಸದ್ದು ಕೇಳಿದರೆ ನಿಮ್ಮ ಕೈ ಮೊದಲು ಹೋಗುವುದು ಚಿಲಕಕ್ಕೋ, ಇಟ್ಟಿಗೆಗೋ?